ಇಲ್ಲದ ಮೀನಿಗೆ ಸಣ್ಣ ಗಾಳ

ನಗು ನಮ್ಮ ಮನೆಗೆ ಯಾವತ್ತೂ ಹೊತ್ತು ನೋಡಿ ಬಂದಿಲ್ಲ. ಬೇರೆಯವರ ಮನೆಗೆ ಹಬ್ಬಕ್ಕೋ ಮದುವೆಗೋ ಬರುತ್ತದೆ. ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಗೆ ಅದು ಜಾಸ್ತಿ ಬಂದದ್ದು ನಾವು ಆಸ್ಪತ್ರೆಯಿಂದ ವಾಪಸಾದ ಮೇಲೆಯೇ.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೆ ಲಕ್ವ ಹೊಡೆಯಿತು. ಬಲಗೈಯಲ್ಲೂ ಅದರ ಬೆರಳುಗಳಲ್ಲೂ ಶಕ್ತಿ ಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ತೊದಲಿತು. ಅದಕ್ಕೂ ಮುಂಚೆ ಒಮ್ಮೆ ನಾವಿಬ್ಬರೂ ಹಿಮಾಚಲಕ್ಕೆ ಟೂರ್ ಹೋಗಿದ್ದೆವು. ಅಲ್ಲಿ ಐಸಿನಂಥ ಹೊಳೆಯಲ್ಲಿ ಒಬ್ಬ ಮುದುಕ ರೀಲಿನ ಗಾಳ ಎಸೆದು, ಟ್ರೌಟ್ ಅನ್ನುವ ಚುಕ್ಕೆಚುಕ್ಕೆ ಮೀನು ಹಿಡಿದ. ಹಿಡಿದವನು ಅದನ್ನು ಮತ್ತೆ ನೀರಿಗೇ ಬಿಟ್ಟ. ಮೀನು ಮುಟ್ಟದ ಲಿಂಗಾಯತರ ಮನೆಯವರಾದ ಇವರಿಗೆ ಅದು ಬಹಳ ಹಿಡಿಸಿತು. "ನಾನೂ ಒಮ್ಮಿ ಹಿಡೀಬೇಕು" ಎಂದಿದ್ದರು.

ಮರ್ಯಾದಿ

ಬೆರಳಿಗೆ ಸಣ್ಣ ಕೆಲಸ ಕೊಡಿ, ಮಣಿ ಪೋಣಿಸಲಿ, ಅವರೆಕಾಯಿ ಬಿಡಿಸಲಿ ಎಂದರು ಫಿಸಿಯೋಥೆರಪಿಯವರು. ಇವರು ಮುಖ ತಿರುಗಿಸಿದರು. ಮರುದಿನವೇ ಎಡಗೈಯಲ್ಲಿ ಮೊಬೈಲ್ ಒತ್ತಿ ಒತ್ತಿ ಮೀನಿನ ಸಾಮಾನು ತರಿಸಿದರು. ರಾಡು, ರೀಲು, ಕೂದಲೆಳೆಯಂಥ ದಾರ, ಆಮೇಲೆ ದಾರದ ತುದಿಗೆ ಕಟ್ಟುವ ಸ್ಪಿನ್ನರ್‌ಗಳು. ಸ್ಪಿನ್ನರ್ ಅಂದರೆ ಮೂರು ಕೊಕ್ಕೆಯ ಗಾಳ, ಅದರ ಮೇಲೊಂದು ಹೊಳೆಯುವ ತಗಡು. ನೀರಿನಲ್ಲಿ ಜಗ್ಗಿದರೆ ತಗಡು ಗಿರ್ರನೆ ತಿರುಗಿ ಮರಿಮೀನಿನ ಹಾಗೆ ಕಾಣುತ್ತದಂತೆ.

ಅವುಗಳಲ್ಲೂ ಎಲ್ಲಕ್ಕಿಂತ ಸಣ್ಣದನ್ನೇ ಆರಿಸಿ, ಆ ಸತ್ತ ಬೆರಳುಗಳಲ್ಲಿ ಗಂಟು ಹಾಕಲು ಕೂತರು. ಗಂಟು ಜಾರುತ್ತಿತ್ತು, ಹಣೆಯಲ್ಲಿ ಬೆವರಿಳಿಯುತ್ತಿತ್ತು. ನೋಡಲಾರದೆ ಕೇಳಿದೆ: "ರೀ, ದೊಡ್ಡದು ತಗೋಬಾರದೇನ್ರಿ? ಕೈಗೆ ಸಿಗತೈತಿ."

"ಟ್ರೌಟಿನ ಕಣ್ಣು ಭಾಳ ಚುರುಕು. ದೊಡ್ಡದು ಕಂಡ್ರ ಅದಕ್ಕ ಅನುಮಾನ ಬರತೈತಿ."

"ಬಳ್ಳಾರಿಯಾಗ ಟ್ರೌಟ್ ಐತೇನು?"

"ಇಲ್ಲ."

"ಮತ್ತ?"

"ಇಲ್ಲದ ಮೀನಿಗೂ ಮರ್ಯಾದಿ ಕೊಡಬೇಕಲೇ."

ಸೀಸ

ಇಷ್ಟು ಹಗುರದ ಸ್ಪಿನ್ನರ್ ದೂರ ಹೋಗುವುದಿಲ್ಲ, ದಾರಕ್ಕೆ ಸೀಸದ ಗುಂಡು ಕಚ್ಚಿಸಬೇಕು ಎಂದು ಇವರಿಗೆ ಹೊಳೆಯಿತು. ಗಾಂಧಿನಗರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ನಾನು ಮಾತಾಡುತ್ತೇನೆ ಅಂದರೆ ಕೇಳಲಿಲ್ಲ. "ನನ್ನ ಬಾಯಿ ಇನ್ನೂ ಐತಿ" ಎಂದು ನನ್ನನ್ನು ಅಂಗಡಿಯೆದುರು ಆಟೋದಲ್ಲೇ ಕೂರಿಸಿ, ಕಾಲೆಳೆಯುತ್ತ ಹೋದರು.

"ಸಣ್ಣ... ಸೀಸ... ಕೊ... ಕೊಡ್ರಿ."

ನಮ್ಮ ಕಡೆ ಸೀಸ ಅಂದರೆ ಬಾಟಲಿಯೂ ಹೌದು. ಅಂಗಡಿಯವನು ಇವರ ತೊದಲು ಮಾತು ಕೇಳಿದ, ವಾಲುವ ನಡಿಗೆ ನೋಡಿದ, ಆಮೇಲೆ ಹಣೆಯ ವಿಭೂತಿ ನೋಡಿದ. "ಹಿರೇರು ಅದೀರಿ, ವಿಭೂತಿ ಬ್ಯಾರೆ ಹಚ್ಚೀರಿ. ಮಟಮಟ ಮಧ್ಯಾಹ್ನ ಇದೇನ್ರೀ? ಆಗಿದ್ದು ಸಾಕು, ಮನಿಗೆ ಹೋಗ್ರಿ" ಎಂದ.

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಮನೆಗೆ ಬಂದದ್ದೇ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಬೆನ್ನು ನಡುಗುತ್ತಿತ್ತು, ಅಳುತ್ತಿದ್ದಾರೆಂದುಕೊಂಡು ನಾನೂ ಸೆರಗು ಬಾಯಿಗಿಟ್ಟುಕೊಂಡೆ. ಸಂಜೆ ಚಹಾ ಒಯ್ದಾಗ ಎದ್ದು ಕೂತು ನಿಧಾನವಾಗಿ ಹೇಳಿದರು: "ಹೆಸರಂತೂ ಕೆಟ್ಟೈತಿ. ನಾಳಿ ಆ ಸೀಸಾನೂ ತರಿಸಿಬಿಡೋಣೇನು?"

ಸೀರೆ

ಮೊದಲ ಸಲ ಗಾಳ ಎಸೆದದ್ದು ಬಾದನಹಟ್ಟಿ ಹತ್ತಿರದ ಕಾಲುವೆಯಲ್ಲಿ. ಎಡಗೈಯಲ್ಲಿ ಬೀಸಿದ ಸ್ಪಿನ್ನರ್ ಮುಂದೆ ಹೋಗುವ ಬದಲು ಪಕ್ಕಕ್ಕೆ ಹಾರಿ, ಬಟ್ಟೆ ಒಗೆಯುತ್ತಿದ್ದ ಹೆಂಗಸು ನೀರಿಗೆ ಅದ್ದಿದ ಸೀರೆಗೆ ಸಿಕ್ಕಿತು. ಇವರಿಗೆ ಅದು ಕಾಣಲಿಲ್ಲ. ದಾರ ಬಿಗಿಯಾದದ್ದೇ ಖುಷಿಯಲ್ಲಿ ರಾಡನ್ನು ಕಂಕುಳಲ್ಲಿ ಇರುಕಿಕೊಂಡು ಎಡಗೈಯಲ್ಲೇ ರೀಲು ಸುತ್ತತೊಡಗಿದರು. ಸೀರೆ ಹಾವಿನ ಹಾಗೆ ತೇಲುತ್ತ ನಮ್ಮ ಕಡೆ ಹೊರಟಿತು.

"ಅಯ್ಯೋ, ನಾ ಚೀರ!" ಎಂದು ತೆಲುಗಿನಲ್ಲಿ ಕೂಗುತ್ತ ಆಕೆ ದಡದ ಮೇಲೆ ಓಡಿ ಬಂದಳು. "ಏನಯ್ಯಾ, ಈ ವಯಸ್ಸಿನ್ಯಾಗ ಹೆಂಗಸರ ಸೀರಿ ಎಳೀತಿ?"

ಇವರು ಗಾಬರಿಯಾಗಿ ರಾಡು ಕೆಳಗಿಟ್ಟರು. ಕೈ ಮುಗಿಯಲು ಹೋದರು. ಎಡಗೈ ಒಂದೇ ಎದೆಯವರೆಗೆ ಬಂತು. ಬಲಗೈ ಕೆಳಗೇ ಜೋತುಬಿದ್ದಿತ್ತು.

ಆಕೆ ಅದನ್ನು ನೋಡಿದಳು. ಕೂತು, ಸೀರೆ ಹರಿಯದಂತೆ ಒಂದೊಂದೇ ಕೊಕ್ಕೆ ಬಿಡಿಸಿ, ಸ್ಪಿನ್ನರನ್ನು ಇವರ ಅಂಗೈಯಲ್ಲಿಟ್ಟಳು. ಹೋಗುವ ಮುಂಚೆ ನನ್ನ ಕಡೆ ತಿರುಗಿ ಹೇಳಿದಳು: "ಅಮ್ಮಾ, ಮನ್ಯಾಗ ಒಂದು ಹೊಸಾ ಸೀರಿ ಕೇಳಿದ್ದೇನು? ಕೊಡಿಸಾಕ ಭಾಳ ಕಷ್ಟಪಡಾಕತ್ಯಾರ."

ಟ್ರೌಟ್

ಮೀನು ಸಿಕ್ಕಿದ್ದು ಸಿರುಗುಪ್ಪದ ಹೊಳೆದಂಡೆಯಲ್ಲಿ. ಅಷ್ಟರಲ್ಲಿ ಇವರು ಇನ್ನೂ ಇಳಿದುಹೋಗಿದ್ದರು. ಇದೊಂದು ಸಲ ಕರಕೊಂಡು ಹೋಗು ಎಂದು ಹಟ ಹಿಡಿದದ್ದಕ್ಕೆ ಕಾರು ಮಾಡಿಕೊಂಡು ಹೋಗಿದ್ದೆವು. ದಾರ ಸರ್ರನೆ ಎಳೆಯಿತು. ಇವರ ಬಲಗೈ ತಾನಾಗಿ ಎದ್ದು ರಾಡು ಹಿಡಿಯಿತು! ಬೆರಳು ಮಡಚಿದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಮೀನು ನೋಡಲೇ ಇಲ್ಲ, ಆ ಬೆರಳುಗಳನ್ನೇ ನೋಡುತ್ತಿದ್ದೆ.

ದಡಕ್ಕೆ ಬಂದದ್ದು ನಮ್ಮ ಕಡೆಯ ಕೆರೆ, ಹೊಳೆಗಳಲ್ಲೆಲ್ಲ ಸಿಗುವ ಕರ್ರಗಿನ ಕೊರಮೀನು. "ಟ್ರೌಟ್!" ಎಂದರು ಇವರು.

"ಹೌದ್ರಿ, ಟ್ರೌಟೇ" ಎಂದೆ. ಪಕ್ಕದಲ್ಲಿ ಬಲೆ ಒಣಹಾಕುತ್ತಿದ್ದವನು ಬಾಯಿ ತೆರೆದ. ನನ್ನ ಮುಖ ನೋಡಿ, "ಹೌದು ಸಾರ್, ನಮ್ಮ ಹೊಳ್ಯಾಗ ಇವೇ ಜಾಸ್ತಿ" ಎಂದುಬಿಟ್ಟ. ಮೀನನ್ನು ನೀರಿಗೆ ಬಿಟ್ಟೆವು.

ವಾಪಸು ಬರುವಾಗ ಕಾರಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಹೇಳಿದರು: "ಅದು ಕೊರಮೀನು ಅಂತ ನನಗೂ ಗೊತ್ತೈತಲೇ. ನೀ ಇಷ್ಟು ಚೆಂದ ಸುಳ್ಳು ಹೇಳಾಕತ್ತಿದ್ದಿ, ನಡುವ ಮಾತಾಡೋದು ಬ್ಯಾಡ ಅಂತ ಸುಮ್ಮನಿದ್ದೆ."

ಕೊನೆಯದು

ಆ ವರ್ಷದ ಮಳೆಗಾಲ ಮುಗಿಯುವ ಮುಂಚೆ ಇವರು ಹೋದರು. ನಮ್ಮ ಪದ್ಧತಿಯಂತೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಳೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಯನ್ನೇ ತೊಡಿಸಿ ಎಂದಿದ್ದೆ. ಅದರ ಕಿಸೆಯ ಅಂಚಿಗೆ ಇವರು ಒಂದು ಸ್ಪಿನ್ನರ್ ಸಿಕ್ಕಿಸಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ನನಗೆ ಅಳುವೇ ಬಂದಿರಲಿಲ್ಲ. ಸುತ್ತ ಕೂತವರು, "ಅತ್ತುಬಿಡ್ರಿ ಅಕ್ಕಾ" ಎಂದು ಬೆನ್ನು ಸವರುತ್ತಿದ್ದರು.

ಆಗ ಕುರುಗೋಡಿನಿಂದ ನನ್ನ ತಮ್ಮ ಬಂದ. ಇವರು ಕಾಯಿಲೆ ಬಿದ್ದಾಗಿನಿಂದ ಫೋನಿನಲ್ಲಿ "ನಾಳಿ ಬರ್ತೀನಿ ಅಕ್ಕಾ" ಎನ್ನುತ್ತಲೇ ಇದ್ದವನು. ಬಾಗಿಲಲ್ಲೇ ದೊಡ್ಡ ದನಿ ತೆಗೆದ: "ಮಾವಾ! ನನ್ನ ಬಿಟ್ಟು ಹೋದೆಲ್ಲೋ ಮಾವಾ!" ಓಡಿಬಂದು ತಬ್ಬಿಕೊಂಡು ಅತ್ತ. ಏಳಲು ಹೋದರೆ ಅವನ ಹೆಗಲ ಶಾಲು ಬರಲೊಲ್ಲದು. ಜಗ್ಗಿದ. ಇವರೂ ಅವನ ಜೊತೆ ಮುಂದಕ್ಕೆ ವಾಲಿದರು, ತಲೆ ಅವನ ಭುಜಕ್ಕೆ ಬಂತು.

"ಅಯ್ಯಯ್ಯೋ! ಬಿಡೋ ಮಾವಾ! ಬಿಡೋ ನನ್ನ!"

ಮಂತ್ರ ಹೇಳುತ್ತಿದ್ದ ಅಯ್ಯನವರು ಗಪ್ಪಾದರು. ಯಾರೋ ಕತ್ತರಿ ತಂದು ಶಾಲು ಕತ್ತರಿಸಿ ಅವನನ್ನು ಬಿಡಿಸಿದರು. ಮೊದಲು ನಕ್ಕವಳು ನಾನೇ. ಆಮೇಲೆ ಇಡೀ ಮನೆ ನಕ್ಕಿತು. ನಗುನಗುತ್ತಲೇ ನನಗೆ ಅಳು ಬಂತು, ಬಂದದ್ದು ನಿಲ್ಲಲೇ ಇಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ತಮ್ಮ ನನ್ನ ಪಕ್ಕದಲ್ಲಿ ಕೂತ. ಕತ್ತರಿಸಿದ ಶಾಲು ಇನ್ನೂ ಹೆಗಲ ಮೇಲಿತ್ತು. "ಅಕ್ಕಾ, ಖರೇ ಹೇಳು, ಮಾವಗ ನನ್ನ ಮ್ಯಾಲ ಸಿಟ್ಟಿತ್ತೇನು?"

"ಇಲ್ಲೋ ತಮ್ಮಾ" ಎಂದೆ. "ಇಷ್ಟು ದಿನಕ್ಕ ಬಂದೀಯಲ್ಲ, ಒಂದು ಘಳಿಗಿ ಕುಂತು ಹೋಗು ಅಂತ ಜಗ್ಗ್ಯಾರ, ಅಷ್ಟ."