ಇವತ್ತಿಗೆ ನೋಡಿದ್ದು ಸಾಕು, ನಾಳಿ ಬರ್ರಿ

ನಾನು ಸರ್ವರ್‌ಗೆ ಮಿತಿ ಹಾಕಲು ಕೂತಾಗಲೆಲ್ಲ ಯಾರದಾದರೂ ಮಾನಕ್ಕೋ ಎತ್ತಿಗೋ ಮದುವೆಗೋ ಪೆಟ್ಟು ಬೀಳುತ್ತದೆ. ಬೇಕಂತಲೇ ಮಾಡುವುದಲ್ಲ, ಆದರೂ ತಪ್ಪಿದ್ದಿಲ್ಲ.

ಗೋಕಾಕದಲ್ಲಿ ಅಂಗಡಿ ಮಂದಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಮಾಡಿದ ಸೈಟ್‌ಗಳನ್ನೆಲ್ಲ ಪುಣೆಯ ಒಂದು ಕಂಪನಿಯಿಂದ ಬಾಡಿಗೆಗೆ ಹಿಡಿದ ಒಂದೇ ಸರ್ವರ್‌ನಲ್ಲಿ ಇಟ್ಟಿದ್ದೇನೆ. ಗೋಕಾಕದ ಕರದಂಟು, ಮೂಡಲಗಿಯ ಎತ್ತು, ಹುಕ್ಕೇರಿಯ ವಧು-ವರರು, ಎಲ್ಲರೂ ಅಲ್ಲೇ ಒಟ್ಟಿಗೆ. ಆ ಸರ್ವರ್‌ನಿಂದ ತಿಂಗಳಿಗೆ ಇಷ್ಟೇ ಡೇಟಾ ಹೊರಗೆ ಹೋಗಬೇಕೆಂದು ಕಂಪನಿಯ ಕರಾರು. ಎಲ್ಲೋ ಯಾರೋ ಕೂತು ಒಂದು ಫೋಟೋ ತೆರೆದು ನೋಡಿದರೂ ಅದರಲ್ಲಿ ಅಷ್ಟು ಖರ್ಚಾಗುತ್ತದೆ. ಮೊಬೈಲ್ ಪ್ಯಾಕ್ ಇದ್ದಂತೆಯೇ. ಮುಗಿಯಿತೆಂದರೆ ಎಲ್ಲ ಸೈಟ್‌ಗಳೂ ಬಂದ್, ಮತ್ತೆ ತೆರೆಯುವುದು ಒಂದನೇ ತಾರೀಖಿಗೆ.

ನಮ್ಮದು ಪ್ರತಿ ತಿಂಗಳು ಇಪ್ಪತ್ತರ ಆಸುಪಾಸಿನಲ್ಲೇ ಮುಗಿಯುತ್ತಿತ್ತು. ಗಿರಾಕಿಗಳು ಬೈಯುತ್ತಿದ್ದರು. ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ನಮ್ಮ ಅವ್ವನನ್ನು. ಮೂವತ್ಮೂರು ತುಂಬಿದ ಮಗನ ಫೋಟೋವನ್ನು ಆಕೆ ಹುಕ್ಕೇರಿಯ ವಧು-ವರ ಕೇಂದ್ರದಲ್ಲಿ ಕೊಟ್ಟಿದ್ದಳು. ಆ ಕೇಂದ್ರದ ಸೈಟೂ ನನ್ನ ಸರ್ವರ್‌ನಲ್ಲೇ ಇತ್ತು.

“ಬ್ಯಾರೆ ಕೇಂದ್ರದಾಗಿನ ಹುಡುಗರು ತಿಂಗಳ ಪೂರ್ತಿ ಕಾಣ್ತಾರ. ನೀ ಇಪ್ಪತ್ತ ದಿನಾ ಕಂಡು ಮಾಯ ಆಗ್ತಿ. ಉಳಿದ ಹತ್ತ ದಿನದಾಗ ಒಂದ ಚೊಲೊ ಮನಿಯವರು ಬಂದು ಹೊಳ್ಳಿ ಹೋದ್ರ ಏನ್ ಮಾಡ್ತಿ?” ಎಂದು ಕೇಳುತ್ತಿದ್ದಳು.

ಆ ಹೆದರಿಕೆ ನನಗೂ ಇತ್ತು. ಆಕೆಯ ಮುಂದೆ ಒಪ್ಪಿಕೊಳ್ಳಲಿಲ್ಲ ಅಷ್ಟೆ. ಯಾರು ಎಷ್ಟು ಡೇಟಾ ತಿನ್ನುತ್ತಿದ್ದಾರೆ ಎಂಬ ಪಟ್ಟಿ ಸರ್ವರ್‌ನಲ್ಲೇ ಇರುತ್ತದೆ. ಅದನ್ನು ತೆಗೆದುಕೊಂಡು ಕೂತೆ.

ಒಂದರ ಮೇಲೆ ನಿಲ್ಲಬೇಕು

ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇದ್ದದ್ದು ಕರದಂಟಿನ ಅಂಗಡಿಯ ಸೈಟ್. ಅಷ್ಟೊಂದು ಜನ ಕರದಂಟು ನೋಡುತ್ತಾರಲ್ಲ ಎಂದು ಮೊದಲು ಹೆಮ್ಮೆಪಟ್ಟೆ. ಒಳಹೊಕ್ಕು ನೋಡಿದರೆ ನೋಡುತ್ತಿದ್ದವರು ಇಬ್ಬರೇ. ಒಂದು ಕನೆಕ್ಷನ್ ಅಂಗಡಿಯ ವೈಫೈ, ಇನ್ನೊಂದು ಮಾಲೀಕರ ಮನೆಯ ವೈಫೈ. ಎರಡೂ ಕಡೆಯಿಂದ ದಿನವಿಡೀ ಒಂದೇ ಪುಟವನ್ನು ತೆರೆಯುವುದು, ಮತ್ತೆ ತೆರೆಯುವುದು. ಪುಟದ ತುಂಬ ಗೋಡಂಬಿ ಬಾದಾಮಿಯ ದೊಡ್ಡ ದೊಡ್ಡ ಫೋಟೋ. ಪ್ರತಿ ಸಲವೂ ಅಷ್ಟೂ ಇಳಿಯಬೇಕು.

ಯಾರನ್ನೂ ಕೇಳದೆ ಒಂದು ನಿಯಮ ಹಾಕಿದೆ. ಒಂದೇ ಕನೆಕ್ಷನ್‌ನಿಂದ ದಿನಕ್ಕೆ ಮೂವತ್ತು ಸಲಕ್ಕಿಂತ ಹೆಚ್ಚು ಒಂದೇ ಪುಟ ತೆರೆದರೆ ಪುಟದ ಬದಲು ಒಂದು ಫಲಕ ಬರಬೇಕು. ಫಲಕದಲ್ಲಿ ಏನು ಬರೆಯುವುದು ಎಂದು ಯೋಚಿಸಿ, ಸಿಟ್ಟಿನಲ್ಲಿ ಹೀಗೆ ಬರೆದೆ: “ಇವತ್ತಿಗೆ ನೋಡಿದ್ದು ಸಾಕು, ನಾಳಿ ಬರ್ರಿ.” ಒಂದೊಂದೇ ಸೈಟಿಗೆ ಹಾಕುವ ಬೇಸರಕ್ಕೆ ಇಡೀ ಸರ್ವರ್‌ಗೇ ಹಾಕಿಬಿಟ್ಟೆ.

ಮಧ್ಯಾಹ್ನಕ್ಕೆ ಮಾಲೀಕರು ನನ್ನ ಬಾಗಿಲಲ್ಲಿ ನಿಂತಿದ್ದರು.

“ನನ್ನ ಅಂಗಡ್ಯಾಗ ನನಗ ನಾಳಿ ಬಾ ಅಂತೀಯಲ್ಲೋ ತಮ್ಮಾ?”

“ದಿನಾ ಅಷ್ಟ ಸರ್ತಿ ಯಾಕ ನೋಡ್ತೀರಿ ಕಾಕಾ?”

“ಕೆಳಗ ಎಷ್ಟ ಮಂದಿ ಬಂದಾರ ಅಂತ ಒಂದು ನಂಬರ ಇಟ್ಟಿಯಲ್ಲ, ಅದು ಒಂದರ ಮ್ಯಾಲ ನಿಂದ್ರಬೇಕು. ಐದುನೂರಾ ಒಂದು, ಸಾವಿರದಾ ಒಂದು, ಹಂಗ. ಮದುವ್ಯಾಗ ಆಹೇರಿ ಹಾಕೂದಾದ್ರೂ ಒಂದ ಸೇರಿಸೇ ಹಾಕ್ತೀವಿಲ್ಲೊ? ಸೊನ್ನಿ ಮ್ಯಾಲ ಅಂಗಡಿ ನಡಸಾಕ ಬರ್ತೈತೇನು?”

ಪುಟ ತೆರೆದಾಗಲೆಲ್ಲ ಆ ಸಂಖ್ಯೆ ಒಂದು ಹೆಚ್ಚುತ್ತದೆ. ಒಂದರ ಮೇಲೆ ನಿಲ್ಲಿಸಲು ಇವರು ಅಂಗಡಿಯಲ್ಲಿ ಕೂತು ತೆರೆಯುತ್ತಿದ್ದರು. ಇವರಿಗೆ ಗೊತ್ತಿಲ್ಲದಂತೆ ಅವರ ಮನೆಯವರೂ ಮನೆಯಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದರು. ಇವರು ಒಂದಕ್ಕೆ ತಂದರೆ ಅವರು ಎರಡು ಮಾಡುತ್ತಿದ್ದರು. ಆಮೇಲೆ ಇಬ್ಬರೂ ಸೇರಿ ಮತ್ತೆ ಒಂದರ ತನಕ ಎಳೆದು ತರಬೇಕು. ಗಂಡ ಹೆಂಡತಿ ಹೀಗೆ ಒಬ್ಬರಿಗೊಬ್ಬರು ಅಡ್ಡ ಬಂದುಕೊಂಡು ನನ್ನ ಸರ್ವರ್ ಖಾಲಿ ಮಾಡಿದ್ದರು.

ತಿಳಿಸಿ ಹೇಳುವುದು ನನ್ನಿಂದ ಆಗದ ಕೆಲಸ. ಸಂಖ್ಯೆ ಯಾವಾಗಲೂ ಒಂದರಲ್ಲೇ ಮುಗಿಯುವಂತೆ ಮಾಡಿಟ್ಟೆ. ಹತ್ತು ಜನ ಬಂದ ಮೇಲಷ್ಟೇ ಅದು ಮುಂದಿನ ಒಂದಕ್ಕೆ ಹೋಗುತ್ತದೆ. ವಾರ ಕಳೆದ ಮೇಲೆ ಮಾಲೀಕರು ಪಾವು ಕಿಲೋ ಕರದಂಟು ಹಿಡಿದುಕೊಂಡು ಬಂದರು.

“ಮಂದಿಗೆ ಈಗ ತಿಳುವಳಿಕಿ ಬಂದೈತಿ ನೋಡೊ. ಒಬ್ಬೊಬ್ಬರ ಬರೂದು ಬಿಟ್ಟಾರ. ಹತ್ತ ಹತ್ತ ಮಂದಿ ಕೂಡೇ ಬರಾಕತ್ತಾರ!”

ವಿಚಾರ ಮಾಡುವ ಎತ್ತು

ಕರದಂಟಿನ ನಂತರ ಪಟ್ಟಿಯಲ್ಲಿದ್ದದ್ದು ಮೂಡಲಗಿಯ ಎತ್ತಿನ ವ್ಯಾಪಾರಿ. ವಯಸ್ಸಾದ ಮುಸಲ್ಮಾನರು, ಎಲ್ಲರೂ ಚಾಚಾ ಅನ್ನುತ್ತಾರೆ. ಎತ್ತು ಕೊಳ್ಳುವವರು ಮೊದಲು ನೋಡುವುದು ಹಲ್ಲು, ಆಮೇಲೆ ನಡಿಗೆ. ಹಲ್ಲು ಫೋಟೋದಲ್ಲಿ ಕಾಣುತ್ತದೆ, ನಡಿಗೆ ಕಾಣುವುದಿಲ್ಲ. ಅದಕ್ಕೆ ಚಾಚಾ ಒಂದೊಂದು ಜೋಡಿಯನ್ನೂ ಊರ ಹೊರಗೆ ನಡೆಸಿ ವಿಡಿಯೋ ಮಾಡಿ ಸೈಟ್‌ನಲ್ಲಿ ಹಾಕಿಸಿದ್ದರು. ನೋಡುವವರೂ ಬೇಕಾದಷ್ಟು ಜನ. ಎತ್ತು ಬೇಕಿಲ್ಲದವರೂ ಚಹಾದಂಗಡಿಯಲ್ಲಿ ಕೂತು ನೋಡುತ್ತಿದ್ದರು.

ವಿಡಿಯೋ ತೆಗೆಯಿರಿ ಅನ್ನಲು ಬಾಯಿ ಬರಲಿಲ್ಲ. ಅದು ಹರಿದು ಹೋಗುವ ವೇಗಕ್ಕಷ್ಟೇ ಮಿತಿ ಹಾಕಿದೆ. ವಿಡಿಯೋ ನಿಧಾನಕ್ಕೆ ಬಂದರೆ ಸುಮ್ಮನೆ ನೋಡುವವರು ಬೇಸತ್ತು ಎದ್ದು ಹೋಗುತ್ತಾರೆ, ಖರೇ ಬೇಕಾದವರು ಕಾಯುತ್ತಾರೆ ಎಂಬುದು ನನ್ನ ಲೆಕ್ಕ.

ನಾಲ್ಕು ದಿನಕ್ಕೆ ಚಾಚಾ ಮೂಡಲಗಿಯಿಂದ ಬಸ್ ಹತ್ತಿ ನನ್ನಲ್ಲಿಗೇ ಬಂದರು. ಮುಖ ಸಪ್ಪಗಿತ್ತು.

“ಬೇಟಾ, ನನ್ನ ಎತ್ತಿಗೆ ಏನೋ ಆಗೇತಿ. ಡಾಕ್ಟರನ್ನ ಕರಸಿ ಕಾಲು ತೋರಿಸಿದ್ನಿ. ಕಾಲು ಚೊಲೊ ಅದಾವು ಅಂತಾರ. ನನ್ನ ಮುಂದ ನಡಿಸಿದ್ರ ಚೊಲೊ ನಡೀತೈತಿ. ಫೋನಿನ್ಯಾಗ ಅಷ್ಟ ಕುಂಟತೈತಿ.”

ಅವರ ಫೋನ್ ಇಸಿದುಕೊಂಡು ನೋಡಿದೆ. ಎತ್ತು ನಾಲ್ಕು ಹೆಜ್ಜೆ ಇಡುತ್ತಿತ್ತು. ಕಾಲು ಎತ್ತಿದಲ್ಲೇ ನಿಂತುಬಿಡುತ್ತಿತ್ತು. ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಿತ್ತು. ಮತ್ತೆ ನಾಲ್ಕು ಹೆಜ್ಜೆ. ಹತ್ತೂರು ಸುತ್ತಿ ಹುಡುಕಿ ತಂದ ಜೋಡಿಗೆ ಹೀಗಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ತಪ್ಪು ನನ್ನದು ಚಾಚಾ, ಎತ್ತಿನದಲ್ಲ ಎಂದು ಒಪ್ಪಿಕೊಂಡು, ಮಿತಿ ತೆಗೆದೆ. ವಿಡಿಯೋವನ್ನೇ ಕತ್ತರಿಸಿ ಹತ್ತು ಹೆಜ್ಜೆಯಷ್ಟು ಉಳಿಸಿದೆ. ಹತ್ತು ಹೆಜ್ಜೆಯಲ್ಲಿ ಎತ್ತಿನ ಗುಣ ತಿಳಿಯುತ್ತದೆ ಎಂದು ಚಾಚಾ ಕೂಡ ಒಪ್ಪಿದರು.

“ಇದನ್ನ ಆ ಯಮಕನಮರಡಿಯವಗ ಮೊದಲ ತೋರಿಸಬೇಕು,” ಎಂದರು. “ಮಾತು ಮುಗದಿತ್ತು, ಮುಂಜಾನೆ ಬಂದು ಹೊಡಕೊಂಡ ಹೋಗಾಂವ ಇದ್ದ. ವಿಡಿಯೋ ನೋಡಿ ಬ್ಯಾಡ ಅಂದ.”

“ಏನಂದ ಚಾಚಾ?”

“ನಾಕ ಹೆಜ್ಜಿ ನಡೀತೈತಿ, ನಿಂದ್ರತೈತಿ, ವಿಚಾರ ಮಾಡತೈತಿ. ನನಗ ಹೊಲದಾಗ ದುಡ್ಯಾಕ ಎತ್ತು ಬೇಕು. ವಿಚಾರ ಮಾಡಾಕ ಮನ್ಯಾಗ ನಮ್ಮ ತಮ್ಮ ಅದಾನ, ಅಂದ.”

ಎಲ್ಲರೂ ಚೆಂದ

ಉಳಿದದ್ದು ಹುಕ್ಕೇರಿಯ ವಧು-ವರ ಕೇಂದ್ರ. ನಡೆಸುವವರು ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದ ಅಕ್ಕೋರು. ಅವರ ಸೈಟ್‌ನಲ್ಲಿ ಯಾರ ಹೆಸರೂ ಇಲ್ಲ. ಫೋಟೋ, ಅದರ ಕೆಳಗೆ ಒಂದು ನಂಬರ್, ಓದು, ಉದ್ಯೋಗ. ಮನಸ್ಸಿಗೆ ಬಂದರೆ ನಂಬರ್ ಹೇಳಿ ಅಕ್ಕೋರಿಗೆ ಫೋನ್ ಮಾಡಬೇಕು. ಫೋಟೋಗಳು ಸ್ಟುಡಿಯೋದಿಂದ ಬಂದಂತೆಯೇ ಹಾಕಿದ್ದವು, ಒಂದೊಂದು ಗೋಡೆಗೆ ಹಚ್ಚುವಷ್ಟು ದೊಡ್ಡವು. ತೆರೆದರೆ ಹುಡುಗನ ಗಲ್ಲದ ಮೇಲಿನ ಗಾಯದ ಗುರುತೂ ಕಾಣುತ್ತಿತ್ತು.

ಎಲ್ಲವನ್ನೂ ಒಂದೇ ಸಲಕ್ಕೆ ಒತ್ತಿ ಹಗುರ ಮಾಡಿದೆ. ಎಷ್ಟು ಒತ್ತಬೇಕು ಎಂದು ಕಂಪ್ಯೂಟರ್ ಕೇಳಿತು. ತಿಂಗಳ ಕೊನೆಯ ಚಿಂತೆಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಹೇಳಿದೆ. ಫೋಟೋ ಹಗುರಾದವು. ಅದರ ಜೊತೆಗೆ ಮೂಗು, ಮೀಸೆ, ಮಚ್ಚೆ ಎಲ್ಲ ಕರಗಿ ಹೋದವು. ಎಲ್ಲರ ಮುಖವೂ ಮಂಜಿನ ಹಿಂದೆ ಬೆಳ್ಳಗೆ, ದುಂಡಗೆ ಉಳಿಯಿತು. ನನ್ನದೂ.

ಬೈಸಿಕೊಳ್ಳಲು ತಯಾರಾಗಿದ್ದೆ. ಅಕ್ಕೋರು ಫೋನ್ ಮಾಡಿದರು.

“ಏನ್ ಮಾಡೀಯೋ? ಮೂಗು ದಪ್ಪ ಐತಿ, ಹಣಿ ದೊಡ್ಡದೈತಿ ಅಂತಿದ್ದವರು ಒಬ್ಬರೂ ಸೊಲ್ಲ ಎತ್ತಾಕತ್ತಿಲ್ಲ. ಕಂಡವರಿಗೆಲ್ಲ ಹೂಂ ಅನ್ನಾಕತ್ತಾರ.”

“ಫೋಟೋ ಕೆಟ್ಟಾವ್ರಿ ಅಕ್ಕೋರ. ನಾಳಿ ಸರಿ ಮಾಡ್ತೇನಿ.”

“ಸರಿ ಮಾಡಿದ್ರ ನೋಡು ಮತ್ತ! ಇಷ್ಟ ವರ್ಷದಾಗ ಹಿಂಗ ಸಮಾಧಾನಲೆ ಕೆಲಸ ನಡದಿಲ್ಲ.”

ಅವರ ಮಾತಿಗೆ ಬಿಟ್ಟುಬಿಟ್ಟೆ. ಅದೇ ವಾರ ಧುಪದಾಳದ ಒಬ್ಬ ತಾಯಿ, ಮಗ ಮಗಳು ಇಬ್ಬರ ಫೋಟೋವನ್ನೂ ಕೇಂದ್ರಕ್ಕೆ ಕೊಟ್ಟಿದ್ದವರು, ಅಕ್ಕೋರಿಗೆ ಫೋನ್ ಮಾಡಿ ಒಂದು ನಂಬರ್ ಹೇಳಿದರಂತೆ. ಈ ಹುಡುಗ ನಮ್ಮ ಹುಡುಗಿಗೆ ಹೇಳಿ ಮಾಡಿಸಿದಂಗ ಅದಾನ, ಮುಖದಾಗ ನಮ್ಮ ಮನಿತನದ ಕಳಾನ ಐತಿ, ಯಾರ ಪೈಕಿ ಅಂತ ಕೇಳಿ ಹೇಳ್ರಿ ಅಂದರಂತೆ. ಅಕ್ಕೋರು ವಹಿ ತೆಗೆದು ನೋಡಿ ಹೇಳಿದರು:

“ಕಳಾ ಇರದ ಎಲ್ಲಿ ಹೋಗ್ತೈತ್ರಿ ಬಾಯಾರ? ಆಂವ ನಿಮ್ಮ ಮಗಾನ!”

ಸಂಕೇಶ್ವರದ ಅಜ್ಜಿ

ಆ ತಿಂಗಳು ಇಪ್ಪತ್ತು ದಾಟಿತು, ಇಪ್ಪತ್ತೈದೂ ದಾಟಿತು. ಸರ್ವರ್ ಬಂದ್ ಆಗಲಿಲ್ಲ. ಅವ್ವ ದಿನಾ ಬೆಳಿಗ್ಗೆ ಫೋನ್ ತೆರೆದು, “ಇವತ್ತೂ ಕಾಣಾಕತ್ತಿ,” ಎಂದು ಹೇಳಿ ಚಹಾ ಕೊಡುತ್ತಿದ್ದಳು. ಇಪ್ಪತ್ತೆಂಟನೇ ತಾರೀಖು ಅಕ್ಕೋರ ಫೋನ್ ಬಂತು. ಈ ಸಲ ಧ್ವನಿ ಬೇರೆ ಇತ್ತು.

“ಸಂಕೇಶ್ವರದ ಒಂದ ಮನಿಯವರು ಭಾಳ ಸಿಟ್ಟಿಗೆದ್ದಾರ. ಅವರ ಮಗಳಿಗೆ ಅಂತ ಒಂದ ಹುಡುಗನ್ನ ನೋಡಾಕತ್ತಿದ್ರಂತ. ಎರಡ ದಿನಾ ಆತು, ನೋಡಿ ನೋಡಿ ಮನಸ್ಸಿಗೆ ತರೂದ್ರಾಗ ‘ಇವತ್ತಿಗೆ ನೋಡಿದ್ದು ಸಾಕು, ನಾಳಿ ಬರ್ರಿ’ ಅಂತ ಬರ್ತೈತಂತ. ಗಂಡಿನವರಿಗೆ ಇಷ್ಟ ಸೊಕ್ಕ ಐತೇನು ಅಂತ ಹುಡುಗಿ ಅಪ್ಪ ಕೇಳಾಕತ್ತಾನ.”

ಕರದಂಟಿನವರಿಗೆಂದು ಬರೆದ ಫಲಕ ಇಡೀ ಸರ್ವರ್‌ನ ಬಾಗಿಲಲ್ಲಿ ಕೂತಿದೆ ಎಂಬುದು ಆಗ ನೆನಪಾಯಿತು.

“ತಪ್ಪಾತ್ರಿ ಅಕ್ಕೋರ. ಈಗ ತಗೀತೇನಿ. ಪಾಪ, ಯಾವ ಹುಡುಗನ ನಂಬರ್ ಅದು?”

“ನಿಂದ.”

ಸ್ಪೀಕರ್ ಆನ್ ಇತ್ತು. ಅವ್ವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

“ಹೆಣ್ಣಿನವರು ಬಾಗಲಕ್ಕ ಬಂದ್ರ ನಾಳಿ ಬರ್ರಿ ಅಂದೇನು? ನಿನ್ನ ಕೈಲೆ ನೀನ ಬರದಿಟ್ಟೇನು?”

ಅಕ್ಕೋರಿಂದ ನಂಬರ್ ತೆಗೆದುಕೊಂಡು ಹೆಣ್ಣಿನ ಅಪ್ಪನಿಗೆ ನಾನೇ ಫೋನ್ ಮಾಡಿದೆ. ಕರದಂಟು, ಒಂದರ ಮೇಲೆ ನಿಲ್ಲುವ ಸಂಖ್ಯೆ, ಮೂವತ್ತು ಸಲದ ನಿಯಮ, ಎಲ್ಲ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ ಏನೋ, “ಹುಡುಗಿಗೆ ಕೊಡ್ತೇನ್ರಿ, ಆಕಿ ಕಂಪ್ಯೂಟರ್ ಕಲತಾಳ,” ಎಂದು ಫೋನ್ ದಾಟಿಸಿದರು.

ದಿನಕ್ಕೆ ಮೂವತ್ತು ಸಲ ನನ್ನ ಮುಖ ನೋಡಿದ ಹುಡುಗಿ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಆಕೆ ಅದನ್ನು ಮೊದಲ ಮಾತಿನಲ್ಲೇ ಇಳಿಸಿದಳು.

“ನೀವು ತಪ್ಪ ತಿಳಕೊಬ್ಯಾಡ್ರಿ. ಫೋಟೋದಾಗ ನಿಮಗ ಮೀಸಿ ಐತೋ ಇಲ್ಲೋ ತಿಳೀವಲ್ದಾಗಿತ್ತು. ಅಜ್ಜಿ ಐತಿ ಅಂತಾಳ, ನಾ ಇಲ್ಲ ಅಂತೇನಿ. ಬಂದವರನ್ನೆಲ್ಲ ಕರದು ತೆರದು ತೋರಸಾಕತ್ತಿದ್ವಿ.”

“ಐತ್ರಿ,” ಅಂದೆ.

“ಹಂಗಾರ ಅಜ್ಜಿ ಗೆದ್ದಳು,” ಎಂದು ಆಕೆ ನಕ್ಕಳು.

ಆ ನಗು ಕೇಳಿದ ಮೇಲೆ ಈ ಸಂಬಂಧ ಕೈತಪ್ಪಿದರೆ ನಾನು ಸುಧಾರಿಸಿಕೊಳ್ಳುವುದು ಕಷ್ಟ ಅನ್ನಿಸಿತು. ಅವ್ವನಿಗೆ ಹಾಗಂತಲೇ ಹೇಳಿದೆ. ಮುಂದಿನ ಭಾನುವಾರ ಕನ್ಯಾ ನೋಡಲು ಸಂಕೇಶ್ವರಕ್ಕೆ ಹೋದೆವು.

ಹುಡುಗಿಯ ಅಪ್ಪ ಸಿಟ್ಟು ಮರೆತು ಬಾಗಿಲ ತನಕ ಬಂದರು. ಅವಲಕ್ಕಿ ಬಂತು, ಚಹಾ ಬಂತು. ಹುಡುಗಿ ಬಂದು ಎದುರಿಗೆ ಕೂತಳು. ನಾನು ಆಕೆಯನ್ನು ನೋಡಿದೆ, ಆಕೆ ನನ್ನ ಮೀಸೆಯನ್ನು ನೋಡಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಜ್ಜಿ ಮಾತ್ರ ಮೂಲೆಯ ಕುರ್ಚಿಯಲ್ಲಿ ಫೋನ್ ಹಿಡಿದು ಕೂತಿದ್ದಳು. ಅದರಲ್ಲಿ ನನ್ನ ಫೋಟೋ ಇತ್ತು, ಅದೇ ಬೆಳ್ಳಗಿನ ದುಂಡು ಮುಖ. ಅಜ್ಜಿ ಫೋನ್ ನೋಡಿದಳು, ನನ್ನನ್ನು ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎರಡನ್ನೂ ನೋಡಿದಳು. ಆಮೇಲೆ ನಮ್ಮ ಅವ್ವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದಳು:

“ನೀವೆಲ್ಲಾರೂ ಬಂದಿದ್ದು ಭಾಳ ಚೊಲೊ ಆತ್ರಿ. ಹುಡುಗ ಯಾವಾಗ ಬರ್ತಾನ?”

ಫೋಟೋದ ಆ ಹುಡುಗ ಇವತ್ತಿನವರೆಗೂ ಬಂದಿಲ್ಲ. ಅವನಿಗಾಗಿ ಎಷ್ಟು ದಿನ ಕಾಯುವುದೆಂದು ಹುಡುಗಿ ನನಗೇ ಹೂಂ ಅಂದಳು.