ದವಡೆಯಿಲ್ಲದ ಮೀನು, ಈಜು ಬಾರದ ಹುಡುಗಿ

ಮೀನಿನ ಪಾಠ ತೆಗೆದರೆ ಹೊಸನಗರ ಕಡೆಯ ನಮ್ಮ ಶಾಲೆಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಆ ಪಾಠ ಇದೇ ಶಾಲೆಯ ವಿಜ್ಞಾನದ ಟೀಚರಾಗಿದ್ದ ನನ್ನ ಹೆಂಡತಿಯದು. ಕಳೆದ ಬೇಸಿಗೆಯಲ್ಲಿ ಅವಳು ತೀರಿಕೊಂಡ ಮೇಲೆ, ಗಣಿತದ ಮೇಷ್ಟ್ರಾದ ನಾನೇ ವಿಜ್ಞಾನವನ್ನೂ ವಹಿಸಿಕೊಂಡೆ. ಸಾಗರದ ವಿಜ್ಞಾನ ಭಾಷಣ ಸ್ಪರ್ಧೆಗೆಂದು ಅವಳು ಒಬ್ಬ ಹುಡುಗಿಯನ್ನು ಆರಿಸಿಟ್ಟಿದ್ದಳು. ಆ ಹುಡುಗಿ ನನ್ನ ಕೈಯಲ್ಲಿ ಸೋಲಬಾರದು ಎಂಬುದೊಂದೇ ನನ್ನ ಚಿಂತೆ.

ಗಾಳ

"ಮೊಟ್ಟಮೊದಲ ಬೆನ್ನೆಲುಬಿನ ಪ್ರಾಣಿಗಳಾದ ಮೀನುಗಳಿಗೆ ದವಡೆ ಇರಲಿಲ್ಲ," ಎಂದೆ.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಹಂಗಾದ್ರೆ ಗಾಳಕ್ಕೆ ಹೆಂಗೆ ಬೀಳ್ತಿದ್ವು ಸಾರ್?"

"ಆಗ ಗಾಳ ಹಾಕುವವರೇ ಇರಲಿಲ್ಲ."

"ಅದ್ಕೇ ಮತ್ತೆ, ಅವುಗಳ ವಂಶ ನಮ್ಮ ತನಕ ಬಂದಿರೋದು."

ಮುಳ್ಳು

ಭಾಷಣದಲ್ಲಿ ತೋರಿಸಲು ಹುಡುಗಿಗೆ ಮೀನಿನ ಬೆನ್ನೆಲುಬು ಬೇಕಿತ್ತು. ಮುಂಗಾರಿನ ಹೊಸನೀರಿಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನಿನ ಕಾಲ ಅದು. ಒಂದನ್ನು ಹಾಗೇ ಇಡಿಯಾಗಿ ತಂದುಕೊಡಿ ಎಂದು ಅವಳ ಅಪ್ಪನಿಗೆ ಹೇಳಿಕಳಿಸಿದೆ. ಬೆಳಿಗ್ಗೆ ಬಾಳೆಲೆಯ ಪೊಟ್ಟಣ ಹಿಡಿದು ಬಂದರು. ಬಿಚ್ಚಿದರೆ ಹುಳಿ ವಾಸನೆ.

"ಸಾರು ಮಾಡ್ಬಿಟ್ವಿ ಸಾರ್. ನಿಮ್ಗೆ ಬೇಕಾಗಿದ್ದು ಮುಳ್ಳೇ ಅಲ್ವಾ?"

ಎಣಿಸಿ ನೋಡಿದೆ. ಬಾಲದ ತುದಿ ಇರಲಿಲ್ಲ.

"ಅದು ಬೆಕ್ಕಿನ್ ಪಾಲು ಸಾರ್. ಅದ್ಕೂ ಬೆನ್ನೆಲುಬು ಬೆಳೀಬೇಕಲ್ಲ," ಎಂದರು.

ತೀರ್ಪು

ಸಾಗರದಲ್ಲಿ ತೀರ್ಪುಗಾರರು ತೀರ್ಥಹಳ್ಳಿಯ ನಿವೃತ್ತ ಉಪನ್ಯಾಸಕರು. ಭಾಷಣ ಮುಗಿದ ಮೇಲೆ ಬೇಕೆಂದೇ ಕೊಕ್ಕೆ ಹಾಕಿದರು: "ದಡದಲ್ಲಿ ಓಡಾಡುವ ಆಸೆಯಿಂದ ಮೀನಿಗೆ ಕಾಲು ಬಂತು, ಅಲ್ಲವೇನಮ್ಮ?"

"ಇಲ್ಲ ಸಾರ್," ಎಂದಳು ಹುಡುಗಿ. "ಕಾಲಿನಂಥ ಮೂಳೆ ನೀರಲ್ಲಿದ್ದಾಗ್ಲೇ ಇತ್ತು. ಅದಿದ್ದವು ಬದುಕಿದ್ವು, ಮರಿಗಳಿಗೂ ಕೊಟ್ವು. ಆಸೆಪಟ್ಟಿದ್ದು, ಕಲ್ತಿದ್ದು ಮಕ್ಕಳಿಗೆ ಹುಟ್ಟಿನಿಂದ ಬರಲ್ಲ. ನಮ್ಮಪ್ಪ ಹಿನ್ನೀರು ಈಜಿ ದಾಟ್ತಾರೆ. ನಂಗೆ ಈಜೇ ಬರಲ್ಲ."

ಹಿಂದಿನ ಸಾಲಿನಲ್ಲಿ ಅವಳ ಅಪ್ಪ ಎದ್ದು ನಿಂತರು. "ನಿಜ ಸಾರ್. ಮೂರು ಸಲ ಕಲ್ಸಿದೀನಿ. ಮೂರು ಸಲಾನೂ ನಾನೇ ಎತ್ಕಂಡ್ ಬಂದೀನಿ."

ಸಭೆಯ ನಗು ನಿಲ್ಲಲು ಹೊತ್ತಾಯಿತು. "ಹಾಗಾದರೆ ಈ ಮಾತುಗಾರಿಕೆ ಯಾರದು?" ಎಂದು ತೀರ್ಪುಗಾರರು ಕೇಳಿದರು.

"ಅದು ನಮ್ಮ ಕಡೇದಲ್ಲ," ಎಂದರು ಅಪ್ಪ. " ತೀರಿಹೋದ್ರಲ್ಲ ಟೀಚರಮ್ಮ, ಅವರಿಂದ ಬಂದಿದ್ದು."

ನಾನು ಕನ್ನಡಕ ತೆಗೆದು ಒರೆಸಿದೆ. ಹುಡುಗಿ ಮೈಕಿನಲ್ಲೇ ತಿದ್ದಿದಳು: "ಅಪ್ಪ, ಅದು ವಂಶದಿಂದ ಬಂದಿದ್ದಲ್ಲ, ಅವರು ಕಲ್ಸಿದ್ದು. ಕೂತ್ಕೋ."

ತೀರ್ಪುಗಾರರು ಅಂಕದ ಹಾಳೆ ಮಡಚಿದರು. "ಶಿವಮೊಗ್ಗದ ಜಿಲ್ಲಾ ಸ್ಪರ್ಧೆಗೆ ಇವಳೇ ಹೋಗಲಿ. ಅಪ್ಪನನ್ನೂ ಕಳಿಸಿ ಮೇಷ್ಟ್ರೇ, ಉದಾಹರಣೆಗೆ ಬೇಕಾಗುತ್ತಾರೆ."