ಪರೀಕ್ಷಕ ಕೆಂಚನವರ ಅವಲಂಬಿತರು

ನಾಯಿಗಳಿಗೆ ಮನುಷ್ಯರ ಆಹಾರದಲ್ಲಿ ವಿಶೇಷ ಆಸಕ್ತಿ ಉಂಟೆಂಬ ಸಂಗತಿ ೧೯೪೪ರವರೆಗೆ ಸರ್ಕಾರದ ಗಮನಕ್ಕೆ ಬಂದಿರಲಿಲ್ಲ. ಅದನ್ನು ತಂದವಳು ಪೂರಿಗಾಲಿಯ ಬೆಟ್ಟಮ್ಮ.

ರೇಷನ್ ರಾಗಿಯ ಮುದ್ದೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಾಯಿ ಕೆಂಚನೊಡನೆ ಆಕೆ ಡಿಪೋಗೆ ಬಂದಳು. ಮನೆಯಲ್ಲಿ ಮೂವರು ಮೊಮ್ಮಕ್ಕಳು ತಟ್ಟೆ ಸರಿಸಿ ಕುಳಿತಿದ್ದರು. ಮುಗ್ಗಿದ ರಾಗಿಯನ್ನು ಬದಲಿಸಿಕೊಳ್ಳಬೇಕಿತ್ತು.

"ನಾಯೂ ಮೂಸಾಕಿಲ್ಲ ಕಣಪ್ಪ ಇದ. ಐಕ್ಳು ಎಂಗ್ ತಿಂದಾವು?"

ಡಿಪೋ ಅಧಿಕಾರಿ ಹೊನ್ನಯ್ಯನವರು ಮುದ್ದೆಯನ್ನು ನೆಲದ ಮೇಲಿಡಿಸಿದರು. ಕೆಂಚ ಅದಕ್ಕೆ ಬೆನ್ನು ತಿರುಗಿಸಿ, ಅವರ ಬುತ್ತಿಯನ್ನು ನೋಡುತ್ತ ಬಾಲ ಅಲ್ಲಾಡಿಸಿತು.

"ದೂರುದಾರರು ನೀವೋ, ನಾಯಿಯೋ?"

"ಇಬ್ರೂವೆ ಅಂತ ಬರ್ಕಳಿ."

ಯುದ್ಧಕಾಲವಾದ್ದರಿಂದ ಆದೇಶ ಮೂರೇ ದಿನದಲ್ಲಿ ಬಂದಿತು: "ಮನುಷ್ಯಾಹಾರವನ್ನು ಬಯಸುವುದು ನಾಯಿಯ ಸ್ವಭಾವ. ಆದ್ದರಿಂದ ನಾಯಿ ಬಯಸಿದ್ದೇ ಮನುಷ್ಯಾಹಾರವೆಂದು ತಿಳಿಯತಕ್ಕದ್ದು. ಪರೀಕ್ಷೆಗಾಗಿ ಡಿಪೋಗೊಂದು ನಾಯಿಯನ್ನು ನೇಮಿಸತಕ್ಕದ್ದು. ಹಸಿದ ಪರೀಕ್ಷಕ ನಿಷ್ಪಕ್ಷಪಾತಿಯಾಗಿರಲಾರನಾದ್ದರಿಂದ, ಪರೀಕ್ಷೆಗೆ ಮೊದಲು ಅವನಿಗೆ ಅನ್ನ, ಸಾರು, ತುಪ್ಪ ಬಡಿಸತಕ್ಕದ್ದು."

ಅನುಭವವಿದ್ದ ಕಾರಣ ಕೆಂಚನವರೇ ನೇಮಕಗೊಂಡರು. ತುಪ್ಪದನ್ನ ಉಂಡು, ಡಿಪೋದ ಅಷ್ಟೂ ಮೂಟೆಗಳನ್ನು ಒಂದೇ ಬೆಳಿಗ್ಗೆ ತಿರಸ್ಕರಿಸಿ, ಬಾಗಿಲ ನೆರಳಿನಲ್ಲಿ ಮಲಗಿದರು. ಅಂತಹ ದಕ್ಷತೆಯನ್ನು ಆ ಕಚೇರಿ ಹಿಂದೆ ಕಂಡಿರಲಿಲ್ಲ.

"ನೀವೇ ಗೆದ್ದಿರಮ್ಮ," ಎಂದರು ಹೊನ್ನಯ್ಯನವರು. "ನಿಮ್ಮ ರಾಗಿ ಮನುಷ್ಯಾಹಾರವಲ್ಲವೆಂದು ಸಿದ್ಧವಾಗಿದೆ."

"ಅಂಗಾರೆ ಬದ್ಲಿ ಕೊಡಿ ಮತ್ತೆ."

"ಅದಾಗದು. ಈ ಡಿಪೋದಲ್ಲಿ ಮನುಷ್ಯಾಹಾರವನ್ನು ಮಾತ್ರ ಬದಲಿಸಲಾಗುತ್ತದೆ."

ಬೆಟ್ಟಮ್ಮ ಮಲಗಿದ್ದ ಕೆಂಚನವರನ್ನು ನೋಡಿದಳು. "ಆ ಕೆಲ್ಸವ ನಂಗೇ ಕೊಟ್ಬುಡಿ ಸ್ವಾಮಿ."

"ನಿಮಗೆ ಅರ್ಹತೆ ಇಲ್ಲ. ನೀವು ಹಸಿದಿದ್ದೀರಿ."

ಹೊನ್ನಯ್ಯನವರು ಕಲ್ಲುಮನಸ್ಸಿನವರಲ್ಲ. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಲೆಯೆತ್ತಿದರು.

"ನೌಕರರ ಅವಲಂಬಿತರಿಗೆ ಊಟದ ಸೌಲಭ್ಯ ಉಂಟು. ಪರೀಕ್ಷಕರಿಗೆ ಅವಲಂಬಿತರು ಎಷ್ಟು ಜನ?"

"ಯಾರ್ಗೆ, ಕೆಂಚಂಗಾ?" ಬೆಟ್ಟಮ್ಮ ಬೆರಳು ಮಡಿಸಿ ಎಣಿಸಿದಳು. "ನಾನು, ಮೂರ್ ಐಕ್ಳು."

ಕುಟುಂಬದ ಕಾರ್ಡು ತಿದ್ದಲ್ಪಟ್ಟಿತು. ಯಜಮಾನರು: ಕೆಂಚ.

ಮರುದಿನದಿಂದ ಪೂರಿಗಾಲಿಯವರು ತಮ್ಮ ತಮ್ಮ ನಾಯಿಗಳಿಗೆ ಸ್ನಾನ ಮಾಡಿಸಿ ಅರ್ಜಿಯೊಡನೆ ಡಿಪೋದ ಮುಂದೆ ಸಾಲಿನಲ್ಲಿ ನಿಂತರು. ಒಳಗೆ ಎಲೆ ಹಾಕಿತ್ತು. ಕಿರಿಯ ಮೊಮ್ಮಗಳು ಮೊದಲ ತುತ್ತಿಗೆ ಕೈ ಹಾಕಿದಾಗ ಬೆಟ್ಟಮ್ಮ ಅವಳ ಕೈ ಹಿಡಿದಳು.

"ತಡ್ಕೊಳವ್ವ. ಯಜಮಾನ್ರು ಇನ್ನೂ ಉಣ್ತಾವ್ರೆ."